ನೀರಿನ ಲೆಕ್ಕದ ಜೊತೆ ಹೂಳಿನ ಲೆಕ್ಕವನ್ನೂ ಬರೆಯಿರಿ

ಭಾರತ–ಬಾಂಗ್ಲಾದೇಶ ಜಂಟಿ ನದಿ ಆಯೋಗದ ಎರಡೂ ಕಡೆಯ ಸದಸ್ಯರಿಗೆ,
ಮತ್ತು ಕೇಂದ್ರ ಜಲಶಕ್ತಿ ಸಚಿವಾಲಯಕ್ಕೆ

ಮಾನ್ಯರೇ,

ನಾನು ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನವನು. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನೇತ್ರಾವತಿ ಸೀಮೆಯವನು ಗಂಗೆಯ ಬಗ್ಗೆ ಯಾಕೆ ಪತ್ರ ಬರೆಯುತ್ತಾನೆ ಅಂತ ನಿಮಗೆ ಅನ್ನಿಸಬಹುದು. ಕಾರಣ ಇದೆ, ಹೇಳುತ್ತೇನೆ. ಗಂಗೆಯ ನೀರು ಹಂಚಲು ನೀವು ಅಳೆಯುವಾಗಲೇ ಅದರ ನೀರು, ಹೂಳು, ಮೀನುಗಳಲ್ಲಿರುವ ವಿಷವನ್ನೂ ಅಳೆಯಿರಿ ಅಂತ ಕೇಳಲು ಬರೆಯುತ್ತಿದ್ದೇನೆ.

ವರ್ಗಾವಣೆಯಾಗಿ ಮೂರು ವರ್ಷ ಪಶ್ಚಿಮ ಬಂಗಾಳದ ಮುರ್ಷಿದಾಬಾದ್ ಜಿಲ್ಲೆಯಲ್ಲಿದ್ದೆ. ಗಂಗೆಯ ದಡದ ಧುಲಿಯಾನ್ ನಮ್ಮ ಶಾಖೆಗೆ ಹತ್ತಿರ. ಅಲ್ಲಿಂದ ಮೇಲಕ್ಕೆ ಹೋದರೆ ಫರಕ್ಕಾ ಬ್ಯಾರೇಜ್. ಕೆಳಕ್ಕೆ ಹೋದರೆ ನದಿಯೇ ಎರಡು ದೇಶಗಳ ಗಡಿ. ಇನ್ನೂ ಮುಂದೆ ಹೋಗಿ ಬಾಂಗ್ಲಾದೇಶದ ಒಳಗೆ ಹೊಕ್ಕ ಮೇಲೆ ಅದರ ಹೆಸರು ಪದ್ಮಾ.

ಮಳೆಗಾಲದಲ್ಲಿ ಇಲಿಶ್ ಮೀನು ಬಂತೆಂದರೆ ಅಲ್ಲಿನ ಮಾರ್ಕೆಟ್ಟಿನಲ್ಲಿ ಹಬ್ಬ. ನಮ್ಮ ಈಳಿಗೆಮಣೆಯ ಹಾಗೇ ಇರುವ ಬೊಂಟಿಯನ್ನು ಕಾಲಲ್ಲಿ ಒತ್ತಿ ಹಿಡಿದು, ಒಬ್ಬ ಹೆಂಗಸು ಮೀನು ಕೊಯ್ದು ಕೊಡುತ್ತಿದ್ದರು. ಹೊಟ್ಟೆಯ ಭಾಗದ ತುಂಡಿಗೆ ಅಲ್ಲಿ ಪೇಟಿ ಅನ್ನುತ್ತಾರೆ. ಆ ತುಂಡು ಎತ್ತಿ ಹಿಡಿದು, "ಪೇಟಿ ತಗೊಳ್ಳಿ ದಾದಾ, ಎಷ್ಟು ಎಣ್ಣೆ ಇದೆ ನೋಡಿ" ಅನ್ನುತ್ತಿದ್ದರು. ನಿಜವಾಗಿಯೂ ಬೆರಳಿಗೆಲ್ಲ ಎಣ್ಣೆ ಅಂಟುತ್ತಿತ್ತು. ಆ ಎಣ್ಣೆಯಲ್ಲೇ ಇಲಿಶ್‌ನ ರುಚಿ. ನಾನು ಈ ಪತ್ರ ಬರೆಯುತ್ತಿರುವುದು ಆ ಎಣ್ಣೆಯ ವಿಷಯಕ್ಕೇ.

ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಅನ್ನುವ ಮಾತು ನಮ್ಮಲ್ಲಿದೆ. ಹೊಳೆಗೆ ಏನು ಹಾಕಿದರೂ ಕರಗಿ ಹೋಗುತ್ತದೆ ಅಂತ ನಂಬಿಕೊಂಡು ಬಂದವರು ನಾವು. ಆದರೆ ಕೆಲವು ವಿಷಗಳು ಕರಗುವುದಿಲ್ಲ, ಕೊಳೆಯುವುದಿಲ್ಲ, ಎಲ್ಲೂ ಹೋಗುವುದಿಲ್ಲ. ಕೀಟನಾಶಕಗಳಾದ ಡಿಡಿಟಿ, ಲಿಂಡೇನ್, ಎಂಡೋಸಲ್ಫಾನ್, ಹಳೇ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿದ್ದ ಪಿಸಿಬಿ, ಕಸ ಸುಟ್ಟಾಗ ಹುಟ್ಟುವ ಡಯಾಕ್ಸಿನ್, ಹೀಗೆ. ಪುಸ್ತಕದ ಭಾಷೆಯಲ್ಲಿ ಇವಕ್ಕೆ ದೀರ್ಘಕಾಲ ಉಳಿಯುವ ಸಾವಯವ ಮಾಲಿನ್ಯಕಾರಕಗಳು ಅನ್ನುತ್ತಾರೆ. ಸಾವಯವ ಅಂದ ಕೂಡಲೇ ನಮಗೆ ಕೊಟ್ಟಿಗೆ ಗೊಬ್ಬರ, ತರಕಾರಿ ನೆನಪಾಗುತ್ತದೆ. ಇಲ್ಲಿ ಆ ಪದಕ್ಕೆ ಇಂಗಾಲದಿಂದ ಕಟ್ಟಿದ ರಾಸಾಯನಿಕ ಅಂತ ಅಷ್ಟೇ ಅರ್ಥ. ನಾನು ಮೊಂಡು ವಿಷ ಅಂತ ಕರೆಯುತ್ತೇನೆ.

ಇವುಗಳಲ್ಲಿ ಹೆಚ್ಚಿನವಕ್ಕೆ ನೀರು ಅಂದರೆ ಆಗುವುದಿಲ್ಲ. ಕೊಬ್ಬು ಅಂದರೆ ಇಷ್ಟ. ನೀರಿಗೆ ಬಿದ್ದ ಕೂಡಲೇ ಹೂಳಿನ ಕಣಕ್ಕೆ ಅಂಟಿಕೊಳ್ಳುತ್ತವೆ. ಹೂಳಿನಿಂದ ಹುಳುವಿಗೆ, ಹುಳುವಿನಿಂದ ಸಣ್ಣ ಮೀನಿಗೆ, ಅಲ್ಲಿಂದ ದೊಡ್ಡ ಮೀನಿಗೆ ಹತ್ತುತ್ತವೆ. ಒಂದೊಂದು ಮೆಟ್ಟಿಲಿಗೂ ಸಾಂದ್ರತೆ ಜಾಸ್ತಿಯಾಗುತ್ತ ಹೋಗುತ್ತದೆ. ಕೊನೆಗೆ ಬಂದು ಕೂರುವುದು ಮೀನು ತಿನ್ನುವ ಜೀವದ ಕೊಬ್ಬಿನಲ್ಲಿ. ಗಂಗೆಯ ಡಾಲ್ಫಿನ್ ಅಂಥದ್ದೊಂದು ಜೀವ. ಬಂಗಾಳಿಯಲ್ಲಿ ಶುಶುಕ್. 2009ರಲ್ಲಿ ಅದನ್ನು ನಮ್ಮ ರಾಷ್ಟ್ರೀಯ ಜಲಚರ ಅಂತ ಘೋಷಿಸಿದೆವು. 2025ರಲ್ಲಿ ಹೊರಬಂದ ಗಣತಿ ಪ್ರಕಾರ ನಮ್ಮ ದೇಶದಲ್ಲಿ 6,324 ಇವೆ. ಅವುಗಳ ಕೊಬ್ಬಿನಲ್ಲಿ ಡಿಡಿಟಿ ಮತ್ತು ಪಿಸಿಬಿ ಇರುವುದನ್ನು ವಿಜ್ಞಾನಿಗಳು 1990ರ ದಶಕದಲ್ಲೇ ಕಂಡಿದ್ದರು. ಡಾಲ್ಫಿನ್ ಮರಿಗೆ ಹಾಲೂಡಿಸುವ ಪ್ರಾಣಿ. ತಾಯಿಯ ಕೊಬ್ಬು ಹಾಲಾಗಿ ಮರಿಗೆ ಹೋಗುವಾಗ ಈ ವಿಷವೂ ಜೊತೆಗೇ ಹೋಗುತ್ತದೆ. ಮನುಷ್ಯರಲ್ಲೂ ದಾರಿ ಇದೇ.

ಇನ್ನು ನನ್ನೂರಿನ ಮಾತು. ನಾನು ಹುಡುಗನಾಗಿದ್ದಾಗ ನಮ್ಮ ಸುತ್ತಲಿನ ಗೇರು ತೋಪುಗಳಿಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ಶಬ್ದ ಕೇಳಿದರೆ ಮಕ್ಕಳೆಲ್ಲ ಅಂಗಳಕ್ಕೆ ಓಡುತ್ತಿದ್ದೆವು. ಹೆಲಿಕಾಪ್ಟರ್ ನೋಡುವುದೇ ಒಂದು ಭಾಗ್ಯ ಅನ್ನಿಸುತ್ತಿದ್ದ ಕಾಲ. ಬಾಯಿ ತೆರೆದು ಮೇಲೆ ನೋಡುತ್ತ ನಿಂತಿರುತ್ತಿದ್ದೆವು. ಅಮ್ಮ ಮಾತ್ರ ಬಾವಿಯ ಕಡೆ ಓಡಿ, ತೆಂಗಿನ ಮಡಲು ಎಳೆದು ಮುಚ್ಚುತ್ತಿದ್ದರು. ಮಡಲಿನ ಸಂದಿಯಲ್ಲಿ ಎಷ್ಟು ತಡೆದೀತು? ಹೊತ್ತು ಕಳೆದ ಮೇಲೆ ಅದೇ ನೀರು ಸೇದಿ ಕುಡಿಯುತ್ತಿದ್ದೆವು. ಆಮೇಲಿನ ವರ್ಷಗಳಲ್ಲಿ ಮನೆ ಮನೆಯಲ್ಲಿ ಏಳಲಾಗದ, ಮಾತು ಬಾರದ ಮಕ್ಕಳು ಕಂಡರು. ಈಗ ಸರ್ಕಾರವೇ ಅವರನ್ನು ಎಂಡೋಪೀಡಿತರು ಅಂತ ಗುರುತಿಸಿ ಮಾಸಾಶನ ಕೊಡುತ್ತಿದೆ. ಕೊಕ್ಕಡದಲ್ಲಿ, ಕೊಯ್ಲದಲ್ಲಿ ಪಾಲನಾ ಕೇಂದ್ರಗಳಿವೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ಮಾರಾಟ, ಬಳಕೆ ಎರಡನ್ನೂ ತಡೆಯಿತು.

ಅಲ್ಲಿಯವರೆಗೆ ಆ ತಾಯಂದಿರು ಎಲ್ಲಿ ಹೋದರೂ ಕೇಳಿಸಿಕೊಂಡ ಮಾತು ಒಂದೇ. ಪುರಾವೆ ಎಲ್ಲಿದೆ? ಪುರಾವೆ ಎಲ್ಲಿಂದ ಬರಬೇಕು? ಸಿಂಪಡಿಸುವಾಗ ಬಾವಿಯ ನೀರನ್ನಾಗಲಿ, ಅಂಗಳದ ಮಣ್ಣನ್ನಾಗಲಿ ಯಾರೂ ಪರೀಕ್ಷೆಗೆ ಒಯ್ದಿರಲಿಲ್ಲ. ಅಳೆಯಬೇಕಾಗಿದ್ದವರು ಅಳೆಯಲಿಲ್ಲ. ಅಳೆಯದೇ ಇದ್ದದ್ದರ ಭಾರ ಹೊತ್ತದ್ದು ಕೆಳಗಿದ್ದವರು.

ಗಂಗೆ–ಪದ್ಮೆಯಲ್ಲಿ ಇದೇ ಕಥೆ ಎರಡು ದೇಶಗಳ ಮಟ್ಟದಲ್ಲಿ ನಡೆಯಬಾರದು. ಅದಕ್ಕೇ ಈ ಪತ್ರ.

1996ರ ಡಿಸೆಂಬರ್ 12ರಂದು ದೆಹಲಿಯಲ್ಲಿ ಗಂಗಾ ನೀರು ಹಂಚಿಕೆ ಒಪ್ಪಂದಕ್ಕೆ ಸಹಿ ಬಿತ್ತು. ಬಾಂಗ್ಲಾದೇಶದ ಪರವಾಗಿ ಶೇಖ್ ಹಸೀನಾ, ಭಾರತದ ಪರವಾಗಿ ನಮ್ಮ ಹಾಸನದ ಎಚ್.ಡಿ. ದೇವೇಗೌಡರು. ಸಿವಿಲ್ ಡಿಪ್ಲೊಮಾ ಓದಿದ, ನೀರಿನ ಜಗಳ ಅಂದರೆ ಏನು ಅಂತ ಬಲ್ಲ ಒಬ್ಬ ಕನ್ನಡಿಗ ಸಹಿ ಹಾಕಿದ ಒಪ್ಪಂದ ಅದು. ಕನ್ನಡದಲ್ಲಿ ನಿಮಗೆ ಬರೆಯಲು ನನಗೆ ಅಷ್ಟು ಹಕ್ಕು ಸಾಕು ಅಂದುಕೊಂಡಿದ್ದೇನೆ. ಒಪ್ಪಂದದ ಅವಧಿ ಮೂವತ್ತು ವರ್ಷ. 2026ರ ಡಿಸೆಂಬರಿಗೆ ಅದು ಮುಗಿಯುತ್ತದೆ. ಎರಡೂ ಕಡೆಯವರು ಒಪ್ಪಿದರೆ ಮುಂದುವರಿಸಬಹುದು ಅಂತ ಅದರಲ್ಲೇ ಬರೆದಿದೆ.

ಆ ಒಪ್ಪಂದದ ಪಠ್ಯ ಓದಿದ್ದೇನೆ. ಹನ್ನೆರಡು ವಿಧಿಗಳ ಚಿಕ್ಕ ಪಠ್ಯ. ನೀರು 70,000 ಕ್ಯೂಸೆಕ್‌ವರೆಗೆ ಇದ್ದರೆ ಅರ್ಧರ್ಧ. 70,000ದಿಂದ 75,000 ಇದ್ದರೆ ಬಾಂಗ್ಲಾದೇಶಕ್ಕೆ 35,000, ಉಳಿದದ್ದು ಭಾರತಕ್ಕೆ. ಅದಕ್ಕಿಂತ ಜಾಸ್ತಿ ಇದ್ದರೆ ಭಾರತಕ್ಕೆ 40,000, ಉಳಿದದ್ದು ಬಾಂಗ್ಲಾದೇಶಕ್ಕೆ. ಹತ್ತು ಹತ್ತು ದಿನಕ್ಕೆ ಲೆಕ್ಕ, ಜನವರಿ 1ರಿಂದ ಮೇ 31ರವರೆಗೆ. ಎರಡೂ ದೇಶಗಳ ಎಂಜಿನಿಯರುಗಳು ಫರಕ್ಕಾದಲ್ಲಿ ಒಟ್ಟಿಗೆ ನಿಂತು ಅಳೆಯಬೇಕು. ಬ್ಯಾರೇಜಿನ ಕೆಳಗೆ, ಕೋಲ್ಕತ್ತಾ ಕಡೆಗೆ ನೀರು ಒಯ್ಯುವ ಫೀಡರ್ ಕಾಲುವೆಯಲ್ಲಿ, ದೋಣಿ ದಾಟುವ ಲಾಕ್‌ನಲ್ಲಿ, ಪ್ರತಿದಿನ. ಆಚೆ ಬಾಂಗ್ಲಾದೇಶದ ಹಾರ್ಡಿಂಜ್ ಸೇತುವೆಯ ಬಳಿಯೂ ಹಾಗೇ ಅಳೆಯಬೇಕು. ಇಷ್ಟು ಚೆನ್ನಾಗಿ ಯೋಚಿಸಿ ಬರೆದ ಒಪ್ಪಂದದಲ್ಲಿ ಬರುವ ನೀರು ಹೇಗಿರಬೇಕು ಅನ್ನುವ ಬಗ್ಗೆ ಒಂದು ವಿಧಿಯೂ ಇಲ್ಲ. ಎಷ್ಟು ಅಂತ ಇದೆ, ಎಂಥದ್ದು ಅಂತ ಇಲ್ಲ. ಕಾವೇರಿಯಲ್ಲಿ ವರ್ಷಗಟ್ಟಲೆ ಟಿಎಂಸಿ ಎಣಿಸಿದ ನಮಗೂ ಈ ಅಭ್ಯಾಸ ಗೊತ್ತಿದ್ದದ್ದೇ.

ನಾನು ಕೇಳುವುದು ದೊಡ್ಡದೇನಲ್ಲ. ಹೊಸ ಆಯೋಗ ಬೇಡ, ಹೊಸ ಕಟ್ಟಡ ಬೇಡ. ಈಗಾಗಲೇ ನೀರು ಅಳೆಯಲು ಒಟ್ಟಿಗೆ ಹೋಗುವ ಆ ಜಂಟಿ ತಂಡ, ಹೋದಾಗ ಒಂದು ಬಾಟಲಿ ನೀರು, ಒಂದು ಡಬ್ಬಿ ಹೂಳು, ಒಂದೆರಡು ಮೀನು ತೆಗೆದುಕೊಂಡು ಬರಲಿ. ಫರಕ್ಕಾದಲ್ಲೂ, ಹಾರ್ಡಿಂಜ್ ಸೇತುವೆಯಲ್ಲೂ. ಹೊಸ ಒಪ್ಪಂದದಲ್ಲಿ ಅದಕ್ಕೊಂದು ವಿಧಿ ಸೇರಿಸಿ. ಮಾದರಿಯನ್ನು ಮೂರು ಪಾಲು ಮಾಡಿ. ಒಂದು ಪಾಲು ಭಾರತದ ಪ್ರಯೋಗಾಲಯಕ್ಕೆ, ಒಂದು ಬಾಂಗ್ಲಾದೇಶಕ್ಕೆ. ಮೂರನೆಯದನ್ನು ಸೀಲ್ ಮಾಡಿ ಇಡಿ, ತಕರಾರು ಬಂದರೆ ಇಬ್ಬರೂ ಒಪ್ಪುವ ಬೇರೊಂದು ಕಡೆ ಕಳಿಸಲು.

ಹೂಳು ಯಾಕೆ ಅಂತ ನಿಮ್ಮ ಕಚೇರಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಈಗ ಗಂಗೆ ಚೆನ್ನಾಗಿದೆಯೋ ಇಲ್ಲವೋ ಅಂತ ನೋಡುವುದು ಮುಖ್ಯವಾಗಿ ನೀರಿನಲ್ಲಿರುವ ಆಮ್ಲಜನಕ, ಬಿಒಡಿ (ಕೊಳೆ ಕರಗಲು ಬೇಕಾಗುವ ಆಮ್ಲಜನಕ), ಕೋಲಿಫಾರ್ಮ್ (ಮಲದಿಂದ ಬರುವ ಬ್ಯಾಕ್ಟೀರಿಯಾ) ಎಣಿಕೆಯಿಂದ. ಅದು ಚರಂಡಿ ನೀರಿನ ಲೆಕ್ಕ. ಬೇಕಾದ ಲೆಕ್ಕವೇ, ಬೇಡ ಅನ್ನುವುದಿಲ್ಲ. ಆದರೆ ಆಮ್ಲಜನಕ ಚೆನ್ನಾಗಿರುವ ನೀರಿನಲ್ಲೂ, ಡಾಲ್ಫಿನ್ ಕುಣಿಯುವ ನೀರಿನಲ್ಲೂ ಡಿಡಿಟಿ ಇರಬಹುದು. ಬರೀ ನೀರು ತೆಗೆದು ನೋಡಿದರೆ ಎಷ್ಟೋ ಸಲ ‘ಪತ್ತೆಯಾಗಿಲ್ಲ’ ಅಂತಲೇ ವರದಿ ಬರುತ್ತದೆ. ಅದು ಹೂಳಿನಲ್ಲಿ, ಮೀನಿನಲ್ಲಿ ಇರುತ್ತದೆ. ಹುಡುಕುವ ಜಾಗದಲ್ಲಿ ಹುಡುಕಬೇಕು ಅಲ್ವಾ? ಇದಕ್ಕೆ ಉಲ್ಟಾ ಪಿಎಫ್ಎಎಸ್ ಅನ್ನುವ ಹೊಸ ಜಾತಿಯ ಮೊಂಡು ವಿಷಗಳು. ನಾನ್‌ಸ್ಟಿಕ್ ತವಾ, ಮಳೆಗೆ ಒದ್ದೆಯಾಗದ ಬಟ್ಟೆ, ಬೆಂಕಿ ಆರಿಸುವ ನೊರೆಯಿಂದ ಬರುವಂಥವು. ಇವುಗಳಲ್ಲಿ ಹಲವು ನೀರಲ್ಲೇ ಕರಗಿ ಸಾಗುತ್ತವೆ. ಗಂಗೆಯ ನೀರಿನಲ್ಲೂ ಸಿಕ್ಕಿವೆ. ಹಾಗಾಗಿ ಬಾಟಲಿಯೂ ಬೇಕು, ಡಬ್ಬಿಯೂ ಬೇಕು.

ಇನ್ನೊಂದು ಮುಖ್ಯ ಮಾತು. ನಿಮ್ಮ ಅಳತೆ ಮೇ 31ಕ್ಕೆ ನಿಲ್ಲುತ್ತದೆ. ನೀರು ಕಡಿಮೆ ಇರುವ ತಿಂಗಳುಗಳಲ್ಲೇ ಜಗಳ, ಹಾಗಾಗಿ ಆಗಲೇ ಅಳತೆ. ಆದರೆ ವಿಷ ಹೊರಡುವುದು ಜೂನ್ ಮೇಲೆ. ಮಳೆ ಬಿದ್ದು ಹೊಲದ ಮಣ್ಣು ಕೊಚ್ಚಿಕೊಂಡು ಬರುವಾಗ, ಗೋದಾಮುಗಳ ಅಂಗಳ ತೊಳೆದು ಹೋಗುವಾಗ. ಗಂಗೆ, ಬ್ರಹ್ಮಪುತ್ರ ಸೇರಿ ವರ್ಷಕ್ಕೆ ಹೆಚ್ಚುಕಡಿಮೆ ನೂರು ಕೋಟಿ ಟನ್ ಹೂಳು ಹೊತ್ತು ತರುತ್ತವೆ. ಅದರಲ್ಲಿ ಬಹುಪಾಲು ಬರುವುದು ಮಳೆಗಾಲದಲ್ಲಿ. ಧುಲಿಯಾನ್ ಘಾಟಿನಲ್ಲಿ ನಿಂತು ನೋಡಿದ್ದೇನೆ. ಆಗಸ್ಟ್‌ನಲ್ಲಿ ಒಂದು ಲೋಟ ನೀರು ಮೊಗೆದಿಟ್ಟರೆ ಸ್ವಲ್ಪ ಹೊತ್ತಿಗೆ ತಳದಲ್ಲಿ ಮಣ್ಣು ಕೂರುತ್ತದೆ. ಆ ಮಣ್ಣೇ ಸಾಕ್ಷಿ. ಆ ಸಾಕ್ಷಿ ದಾಟುವ ಹೊತ್ತಿಗೆ ನಿಮ್ಮ ತಂಡ ಮನೆಗೆ ಹೋಗಿರುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ ಮಾದರಿ ತೆಗೆಯಬೇಕು. ಫರಕ್ಕಾ ಕಟ್ಟಿದ್ದೇ ಕೋಲ್ಕತ್ತಾ ಬಂದರಿನ ಹೂಳು ತೊಳೆಯಲು. ಹೂಳಿನ ಶಕ್ತಿ ಏನು ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಇದರಲ್ಲಿ ಭಾರತವೊಂದೇ ತಪ್ಪಿತಸ್ಥ ಅಂತ ನಾನು ಹೇಳುತ್ತಿಲ್ಲ. ಡಿಡಿಟಿ ಹೊಡೆದದ್ದು ಮಲೇರಿಯಾ ತಡೆಯಲು, ಬಿಹಾರದಲ್ಲಿ ಮರಳು ನೊಣದಿಂದ ಹರಡುವ ಕಾಲಾ ಅಜಾರ್ ಜ್ವರ ತಡೆಯಲು. ಅದರಿಂದ ಜೀವ ಉಳಿದದ್ದೂ ಹೌದು. ನಮ್ಮ ಮನೆಯ ಗೋಡೆಗೂ ಮಲೇರಿಯಾದವರು ಬಂದು ಹೊಡೆದು, ಬಾಗಿಲ ಪಕ್ಕ ನಂಬರ್ ಬರೆದು ಹೋಗುತ್ತಿದ್ದರು. ಬೇಸಾಯಕ್ಕೆ ಡಿಡಿಟಿ ಬಳಸುವುದನ್ನು 1989ರಲ್ಲಿ ನಿಲ್ಲಿಸಿ, ರೋಗ ತಡೆಗೆ ವರ್ಷಕ್ಕೆ 10,000 ಟನ್‌ವರೆಗೆ ಅಂತ ಮಿತಿ ಹಾಕಿದೆವು. ಆದರೆ ಬೇರೆಯವರೆಲ್ಲ ಬಿಟ್ಟ ಮೇಲೂ ಡಿಡಿಟಿ ತಯಾರಿಸುತ್ತ ಬಂದ ದೇಶ ನಮ್ಮದು. ಆ ಜವಾಬ್ದಾರಿ ನಮ್ಮ ಮೇಲಿದೆ. ಲಖನೌ ಹೊರವಲಯದಲ್ಲಿ ಲಿಂಡೇನ್ ತಯಾರಿಕೆಯ ತ್ಯಾಜ್ಯ ಸಾವಿರಾರು ಟನ್ ಬಿದ್ದಿದೆ. ಒಂದು ಟನ್ ಲಿಂಡೇನ್ ತೆಗೆದರೆ ಎಂಟು ಹತ್ತು ಟನ್ ಕೆಲಸಕ್ಕೆ ಬಾರದ ವಿಷ ಉಳಿಯುತ್ತದೆ. ಲಖನೌ ಸೀಮೆಯ ನೀರು ಗೋಮತಿಗೆ, ಗೋಮತಿ ಗಂಗೆಗೆ. ದಾರಿ ಕಣ್ಣಿಗೇ ಕಾಣುತ್ತದೆ.

ಬಾಂಗ್ಲಾದೇಶದ ಕಡೆಯೂ ಹೊರೆ ಇತ್ತು. 1980ರ ದಶಕದಲ್ಲಿ ಮಲೇರಿಯಾಕ್ಕೆ ಅಂತ ತರಿಸಿದ ಡಿಡಿಟಿ ಸುಮಾರು 500 ಟನ್ ಚಟ್ಟೋಗ್ರಾಮದ ಗೋದಾಮಿನಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಕೊಳೆಯದೆ ಬಿದ್ದಿತ್ತು. ಸುತ್ತ ಜನ ವಾಸ. ಕೊನೆಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಅದನ್ನೆಲ್ಲ ಪ್ಯಾಕ್ ಮಾಡಿ, ಹಡಗಿನಲ್ಲಿ ಫ್ರಾನ್ಸಿಗೆ ಕಳಿಸಿ ಸುಡಿಸಿದರು. ಮನಸ್ಸು ಮಾಡಿದರೆ ಆಗುತ್ತದೆ ಅನ್ನುವುದಕ್ಕೆ ನನಗೆ ಆ ಗೋದಾಮು ನೆನಪಾಗುತ್ತದೆ. ಇನ್ನು ಢಾಕಾ ಸುತ್ತಲಿನ ಬಟ್ಟೆ ಕಾರ್ಖಾನೆಗಳ ನೀರು ಅವರದೇ ನದಿಗಳಿಗೆ ಸೇರುತ್ತದೆ. ಇಲಿಶ್ ಸಮುದ್ರದಿಂದ ನದಿಗೆ ಹತ್ತಿ ಬರುವ ಮೀನು. ಅದರ ಹೊಟ್ಟೆಯ ಎಣ್ಣೆಯಲ್ಲಿ ಏನಾದರೂ ಸಿಕ್ಕರೆ ಅದು ಯಾರ ದೇಶದ್ದು ಅಂತ ಮೊದಲೇ ತೀರ್ಮಾನ ಮಾಡುವುದು ಬೇಡ.

ಯಾರದ್ದು ಅಂತ ತಿಳಿಯಲು ದಾರಿಯೂ ಇದೆ. ಡಿಡಿಟಿ ಹಳೆಯದಾದಂತೆ ಡಿಡಿಇ ಅನ್ನುವ ಇನ್ನೊಂದು ರೂಪಕ್ಕೆ ತಿರುಗುತ್ತದೆ. ಎರಡರ ಪ್ರಮಾಣ ಹೋಲಿಸಿದರೆ ಹೂಳಿನಲ್ಲಿರುವುದು ಅಜ್ಜನ ಕಾಲದ ಡಿಡಿಟಿಯೋ, ಇತ್ತೀಚೆಗೆ ಬಿದ್ದದ್ದೋ ಅಂತ ಅಂದಾಜು ಸಿಗುತ್ತದೆ. ಲಿಂಡೇನ್ ವಿಷಯದಲ್ಲೂ ಇಂಥದ್ದೇ ಗುರುತು ಇದೆ. ಎರಡು ಜಾಗದಲ್ಲಿ ಅಳೆದರೆ ಇನ್ನೂ ಒಳ್ಳೆಯದು. ಫರಕ್ಕಾದಲ್ಲಿ ಇಷ್ಟಿತ್ತು, ಹಾರ್ಡಿಂಜ್ ಸೇತುವೆ ಹತ್ತಿರ ಅಷ್ಟಾಯಿತು ಅಂದರೆ ನಡುವೆ ಎಷ್ಟು ಸೇರಿತು ಅನ್ನುವುದು ಕಳೆಯುವ ಲೆಕ್ಕ. ನಮ್ಮ ಬ್ಯಾಂಕಿನಲ್ಲಿ ದಿನಾ ಮಾಡುತ್ತಿದ್ದ ಕೆಲಸ, ಆರಂಭದ ಬಾಕಿ, ಕೊನೆಯ ಬಾಕಿ.

ಇದನ್ನು ಮಾಡಿ ತೋರಿಸಿದವರು ಇದ್ದಾರೆ. ಅಮೆರಿಕ, ಕೆನಡಾ ನಡುವಿನ ನಯಾಗರಾ ನದಿ. ಅದರ ದಡದಲ್ಲಿ ರಾಸಾಯನಿಕ ಕಾರ್ಖಾನೆಗಳ ಸಾಲು. ಲವ್ ಕೆನಾಲ್ ಅನ್ನುವ ಬಡಾವಣೆಯಲ್ಲಿ ಹೂತಿಟ್ಟ ವಿಷ ಮೇಲೆ ಬಂದು 1978ರಲ್ಲಿ ಜನರನ್ನು ಎಬ್ಬಿಸಬೇಕಾಯಿತು. 1987ರ ಫೆಬ್ರವರಿಯಲ್ಲಿ ಎರಡು ದೇಶ, ಒಂದು ರಾಜ್ಯ, ಒಂದು ಪ್ರಾಂತ್ಯ ಸೇರಿ ಒಂದು ಘೋಷಣೆಗೆ ಸಹಿ ಹಾಕಿದವು. ಹದಿನೆಂಟು ವಿಷಗಳ ಪಟ್ಟಿ ಮಾಡಿ, ಅದರಲ್ಲಿ ಹತ್ತನ್ನು 1996ರೊಳಗೆ ಅರ್ಧಕ್ಕೆ ಇಳಿಸಬೇಕು ಅಂತ ಗುರಿ ಇಟ್ಟರು. ನದಿ ಶುರುವಾಗುವ ಫೋರ್ಟ್ ಈರಿಯಲ್ಲಿ ಒಂದು ಅಳತೆ, ಕೆರೆ ಸೇರುವ ನಯಾಗರಾ-ಆನ್-ದ-ಲೇಕ್‌ನಲ್ಲಿ ಇನ್ನೊಂದು ಅಳತೆ. ನೀರು ಬೇರೆ, ನೀರಲ್ಲಿ ತೇಲುವ ಮಣ್ಣು ಬೇರೆ. ವರ್ಷ ವರ್ಷ ಅದೇ ಕೆಲಸ. ಪಟ್ಟಿಯ ಹಲವು ವಿಷಗಳು ಇಳಿದವು. ಇಳಿದದ್ದು ಗೊತ್ತಾದದ್ದೂ ಅಳೆದದ್ದರಿಂದಲೇ.

ನಮ್ಮಲ್ಲಿ ಯಂತ್ರ ಇಲ್ಲ, ದುಡ್ಡು ಇಲ್ಲ ಅಂತ ಮಾತ್ರ ಹೇಳಬೇಡಿ. ಯುರೋಪಿಗೆ ಹೋಗುವ ಸಿಗಡಿಯನ್ನು ಎರಡೂ ದೇಶಗಳು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಯೇ ಕಳಿಸುತ್ತವೆ. ದೂರದವರ ತಟ್ಟೆಗೆ ಹೋಗುವ ಮೀನಿಗೆ ಇರುವ ಯಂತ್ರ, ಧುಲಿಯಾನ್ ಮಾರ್ಕೆಟ್ಟಿನ ಮೀನಿಗೂ, ಪದ್ಮಾ ದಡದ ರಾಜಶಾಹಿಯ ಮೀನಿಗೂ ಸಿಗಲಿ. ಮೊಂಡು ವಿಷಗಳ ಬಗ್ಗೆ 2001ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಆದ ಜಾಗತಿಕ ಒಪ್ಪಂದಕ್ಕೆ ಭಾರತ 2006ರಲ್ಲಿ, ಬಾಂಗ್ಲಾದೇಶ 2007ರಲ್ಲಿ ಸೇರಿವೆ. ಮೊದಲು 12 ಇದ್ದ ಪಟ್ಟಿ ಈಗ 30 ದಾಟಿದೆ. ನಮ್ಮ ರೈತರು ಗೆದ್ದಲಿಗೆ ಹಾಕುವ ಕ್ಲೋರ್‌ಪೈರಿಫಾಸ್ ಕೂಡ 2025ರಲ್ಲಿ, ಕೆಲವು ವಿನಾಯಿತಿಗಳೊಂದಿಗೆ, ಆ ಪಟ್ಟಿಗೆ ಬಂತು. ಬಾಂಗ್ಲಾದೇಶ 2025ರಲ್ಲೇ ಗಡಿ ದಾಟುವ ನದಿಗಳ ಕುರಿತ ವಿಶ್ವಸಂಸ್ಥೆಯ ಒಪ್ಪಂದಕ್ಕೂ ಸೇರಿತು, ದಕ್ಷಿಣ ಏಷ್ಯಾದಲ್ಲಿ ಮೊದಲ ದೇಶವಾಗಿ. ಅಂದರೆ ಕಾಗದದಲ್ಲಿ ಮಾತು ಕೊಟ್ಟಾಗಿದೆ. ನದಿಗೆ ಇಳಿಯುವುದೊಂದೇ ಬಾಕಿ.

ಅಳೆದ ಲೆಕ್ಕವನ್ನು ಬಚ್ಚಿಡಬೇಡಿ, ಇದು ನನ್ನ ಎರಡನೇ ಬೇಡಿಕೆ. ಗಂಗಾ ಕೊಳ್ಳದ ಹರಿವಿನ ಅಂಕಿಗಳನ್ನು ಭಾರತ ಗುಟ್ಟಾಗಿಯೇ ಇಟ್ಟುಕೊಂಡು ಬಂದಿದೆ. ಅದರ ರಾಜಕೀಯ ನನಗೆ ಬೇಡ. ಮೀನಿನಲ್ಲಿ ಏನಿದೆ ಅನ್ನುವುದು ಗುಟ್ಟಿನ ವಿಷಯ ಆಗಲಾರದು. ಹಿಂದಿ, ಬಂಗಾಳಿ, ಇಂಗ್ಲಿಷ್ ಮೂರರಲ್ಲೂ ಪ್ರಕಟಿಸಿ. ಮೀನುಗಾರರಿಗೆ ಮೊದಲು ಹೇಳಿ, ಆಮೇಲೆ ಪತ್ರಿಕೆಗೆ. ಯಾಕೆಂದರೆ ಒಂದು ಕೆಟ್ಟ ಸುದ್ದಿಗೆ ಇಡೀ ಮಾರ್ಕೆಟ್ ಮುಚ್ಚಿ ಹೋಗುತ್ತದೆ. ಬೊಂಟಿಯ ಮುಂದೆ ಕೂತ ಆ ಹೆಂಗಸಿನ ಅಂದಿನ ಸಂಪಾದನೆ ಹೋಗುತ್ತದೆ. ಇಲಿಶ್ ತಿನ್ನಬೇಡಿ ಅನ್ನಲು ನಾನು ಬರೆಯುತ್ತಿಲ್ಲ. ಮೂರು ವರ್ಷ ತಿಂದವನು ನಾನು. ಸಿಕ್ಕರೆ ಇವತ್ತೂ ತಿನ್ನುತ್ತೇನೆ. ಯಾವ ಜಾತಿಯ ಮೀನು, ಯಾವ ಜಾಗದ್ದು, ಎಷ್ಟು ತಿಂದರೆ ತೊಂದರೆ ಇಲ್ಲ, ಬಸುರಿಯರು ಎಷ್ಟು ತಿನ್ನಬಹುದು, ಇಷ್ಟನ್ನು ಹೇಳುವ ಹಾಗಾಗಲಿ. ಅಳೆಯದೆ ಇದನ್ನು ಹೇಳಲು ಯಾರಿಗೂ ಆಗುವುದಿಲ್ಲ.

ಎರಡು ದೇಶಗಳ ನಡುವೆ ಈಗ ಮಾತು ಮೊದಲಿನಷ್ಟು ಸಲೀಸಾಗಿಲ್ಲ ಅನ್ನುವುದು ನನಗೂ ಗೊತ್ತು. ಕ್ಯೂಸೆಕ್ ವಿಷಯದಲ್ಲಿ ಎಳೆದಾಟ ಇದ್ದೇ ಇರುತ್ತದೆ. ಒಬ್ಬರಿಗೆ ಜಾಸ್ತಿ ಕೊಟ್ಟರೆ ಇನ್ನೊಬ್ಬರಿಗೆ ಕಡಿಮೆ. ವಿಷದ ಲೆಕ್ಕ ಹಾಗಲ್ಲ. ಮೇಲೆ ಕಡಿಮೆಯಾದರೆ ಕೆಳಗೂ ಕಡಿಮೆ, ಪಟ್ನಾಕ್ಕೂ ಒಳ್ಳೆಯದು, ಬಾಂಗ್ಲಾದೇಶದ ಪಾಬ್ನಾಕ್ಕೂ ಒಳ್ಳೆಯದು. ನೀರಿನ ಪಾಲಿನ ಬಗ್ಗೆ ಒಮ್ಮತ ಬರಲು ತಡವಾದರೆ ಈ ವಿಧಿಯನ್ನು ಬೇರೆ ತೆಗೆದು ಮೊದಲು ಸಹಿ ಮಾಡಿ. ಇದಕ್ಕಾಗಿ ಅದು ಕಾಯಬೇಕಿಲ್ಲ, ಅದಕ್ಕಾಗಿ ಇದೂ ಕಾಯಬೇಕಿಲ್ಲ.

2027ರ ಜನವರಿ 1ರ ಬೆಳಿಗ್ಗೆ ನಿಮ್ಮ ತಂಡ ಫರಕ್ಕಾದಲ್ಲಿ ದೋಣಿ ಹತ್ತುವಾಗ, ಹರಿವು ಅಳೆಯುವ ಯಂತ್ರದ ಪಕ್ಕದಲ್ಲಿ ಆ ಬಾಟಲಿ, ಆ ಡಬ್ಬಿ, ಮೀನು ಹಾಕಲು ಒಂದು ಐಸ್ ಪೆಟ್ಟಿಗೆ ಇರಲಿ. ಜೂನ್ 1ರಂದೂ ಇರಲಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಬ್ಯಾಂಕ್ ನೌಕರ
ಬೆಳ್ತಂಗಡಿ ತಾಲ್ಲೂಕು, ದಕ್ಷಿಣ ಕನ್ನಡ